ಮೊದಲು ತಿಳಿ ಬಣ್ಣದ ಗ್ಲಾಸು

ಬಿಯರ್ ತಯಾರಿಸುವ ಬ್ರೂವರಿಯೊಂದಕ್ಕೆ ಮೊದಲ ಸಲ ಹೋದಾಗ ನಾನು ಮಾಡಿದ ಎಡವಟ್ಟು ಈಗಲೂ ನೆನಪಿದೆ. ಗೋಡೆಯ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ಆರೇಳು ಹೆಸರು, ಪ್ರತಿ ಹೆಸರಿನ ಮುಂದೆ ಎರಡೆರಡು ಅಂಕಿ. ಒಂದೂ ಅರ್ಥವಾಗಲಿಲ್ಲ. ಅಂಕಿ ದೊಡ್ಡದಿದ್ದರೆ ಬಿಯರ್ ಕೂಡ ದೊಡ್ಡದೇ ಇರಬೇಕೆಂದು ಎಲ್ಲಕ್ಕಿಂತ ಕಹಿಯಾದದ್ದನ್ನು ಮೊದಲು ಕುಡಿದೆ. ಆಮೇಲೆ ಬಂದ ಮೂರೂ ನೀರು ಕುಡಿದಂತಿದ್ದವು. ಎಲ್ಲ ಸಪ್ಪೆ ಎಂದು ಗೆಳೆಯರೆದುರು ತೀರ್ಪು ಕೊಟ್ಟು ಎದ್ದು ಬಂದೆ. ಕಹಿಗೆ ಜಡ್ಡುಗಟ್ಟಿದ್ದ ನಾಲಿಗೆಯಿಂದ ತೀರ್ಪು ಕೊಟ್ಟಿದ್ದೆ ಎಂಬುದು ಹೊಳೆಯಲು ವರ್ಷವೇ ಬೇಕಾಯಿತು.

ಇತ್ತೀಚೆಗೆ ನಮ್ಮ ಬಡಾವಣೆಯಲ್ಲೇ ಸಣ್ಣದೊಂದು ಬ್ರೂವರಿ ಬಾಗಿಲು ತೆರೆದಾಗ ಆ ತಪ್ಪು ಮಾಡಬಾರದೆಂದು ನಿರ್ಧರಿಸಿಯೇ ಹೋದೆ. ಗಾಜಿನ ಗೋಡೆಯ ಆಚೆ ಕೋನಾಕಾರದ ತಳವಿರುವ ಉಕ್ಕಿನ ಟ್ಯಾಂಕುಗಳು ಸಾಲಾಗಿ ನಿಂತಿದ್ದವು. ಮರದ ಹಲಗೆಯ ಮೇಲೆ ನಾಲ್ಕು ಪುಟ್ಟ ಗ್ಲಾಸುಗಳು ಬಂದವು: ತಿಳಿ ಬಣ್ಣದ ಬ್ಲಾಂಡ್ ಏಲ್, ಗೋಧಿ ಬಿಯರ್, ಕಹಿಯಾದ ಐಪಿಎ, ಕಪ್ಪು ಬಣ್ಣದ ಸ್ಟೌಟ್. ಬಣ್ಣ ಏರುತ್ತಾ ಹೋಗುವ ಹಾಗೆ ಜೋಡಿಸಿದ್ದರು. ರುಚಿ ನೋಡುವ ಸರದಿಯೂ ಬಹುಮಟ್ಟಿಗೆ ಅದೇ. ಹಗುರವಾದದ್ದು ಮೊದಲು, ಕಹಿಯೂ ಹುರಿದ ರುಚಿಯೂ ಇರುವುದು ಕೊನೆಗೆ.

ಗೋಡೆಯ ಕಪ್ಪು ಹಲಗೆಯ ಮೇಲಿನ ಅಂಕಿಗಳನ್ನು ಮೊದಲು ಬಗೆಹರಿಸಿಕೊಳ್ಳೋಣ. ಎಬಿವಿ ಎಂದರೆ ಬಿಯರಿನಲ್ಲಿ ಗಾತ್ರದ ಲೆಕ್ಕದಲ್ಲಿ ಶೇಕಡಾ ಎಷ್ಟು ಆಲ್ಕೊಹಾಲ್ ಇದೆ ಎಂಬುದು. ಅದನ್ನು ಕಂಡುಹಿಡಿಯುವ ದಾರಿ ಸರಳ. ಯೀಸ್ಟ್ ಹಾಕುವ ಮುನ್ನ ಧಾನ್ಯದಿಂದ ತೆಗೆದ ಸಿಹಿ ರಸದ ಸಾಂದ್ರತೆ ಅಳೆಯುತ್ತಾರೆ, ಹುದುಗು ಮುಗಿದ ಮೇಲೆ ಮತ್ತೆ ಅಳೆಯುತ್ತಾರೆ. ನೀರಿನ ಸಾಂದ್ರತೆಯನ್ನು 1 ಎಂದು ಹಿಡಿದರೆ ರಸ 1.048 ಇದ್ದದ್ದು ಕೊನೆಗೆ 1.010ಕ್ಕೆ ಇಳಿದಿದೆ ಎನ್ನಿ. ನಡುವೆ ಕಾಣೆಯಾದ ಸಕ್ಕರೆ ಯೀಸ್ಟಿನ ಹೊಟ್ಟೆ ಸೇರಿ ಆಲ್ಕೊಹಾಲ್ ಮತ್ತು ಇಂಗಾಲದ ಡೈಆಕ್ಸೈಡ್ ಆಗಿದೆ. ಈ ವ್ಯತ್ಯಾಸವನ್ನು 131ರಿಂದ ಗುಣಿಸಿದರೆ ಸುಮಾರು ಶೇ 5 ಸಿಗುತ್ತದೆ. ಐಬಿಯು ಎಂಬ ಇನ್ನೊಂದು ಅಂಕಿ ಕಹಿಯ ಅಳತೆ: ಒಂದು ಲೀಟರಿನಲ್ಲಿ ಬಿಯರಿಗೆ ಕಹಿ ಕೊಡುವ ಹೂವಾದ ಹಾಪ್ಸ್‌ನಿಂದ ಬಂದ ಕಹಿ ಆಮ್ಲ ಸುಮಾರು ಎಷ್ಟು ಮಿಲಿಗ್ರಾಂ ಇದೆ ಎಂದು. ಇದನ್ನು ಕುರುಡಾಗಿ ನಂಬಬೇಡಿ. ಮಾಲ್ಟಿನ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ, ಸಿಹಿ ಹೆಚ್ಚಿರುವ ಸ್ಟೌಟ್‌ನಲ್ಲಿ 40 ಕೂಡ ಮೆತ್ತಗೆ ಅನ್ನಿಸಬಹುದು, ತೆಳುವಾದ, ತಿಳಿ ಬಣ್ಣದ ಬಿಯರಾದ ಪಿಲ್ಸ್‌ನರ್‌ನಲ್ಲಿ 35 ಗಂಟಲಿನಲ್ಲಿ ನಿಂತುಬಿಡಬಹುದು. ಅಂಕಿ ಪ್ರಯೋಗಾಲಯದ್ದು, ನಾಲಿಗೆ ಮಾತ್ರ ಸಿಹಿ ಕಹಿಗಳನ್ನು ಒಟ್ಟಿಗೇ ತೂಗುತ್ತದೆ.

ಬ್ಲಾಂಡ್ ಏಲ್ ಎತ್ತಿಕೊಂಡೆ. ಹೊಸ ಬ್ರೂವರಿಯ ಕೈಗುಣ ತಿಳಿಯಬೇಕಾದರೆ ಅಲ್ಲಿನ ಅತ್ಯಂತ ಸರಳವಾದ, ತಿಳಿಯಾದ ಬಿಯರನ್ನು ಕುಡಿಯಬೇಕು ಎಂಬುದು ನನ್ನ ಗಟ್ಟಿ ನಂಬಿಕೆ. ಐಪಿಎಯಲ್ಲಿ ಹಾಪ್ಸ್ ಅಬ್ಬರಿಸುತ್ತದೆ, ಸ್ಟೌಟ್‌ನಲ್ಲಿ ಹುರಿದ ಧಾನ್ಯ ಎಲ್ಲವನ್ನೂ ಮುಚ್ಚಿಬಿಡುತ್ತದೆ. ಬ್ಲಾಂಡ್ ಏಲ್‌ನಲ್ಲಿ ತಪ್ಪು ಅಡಗಿಕೊಳ್ಳಲು ಒಂದು ಮೂಲೆಯೂ ಇರುವುದಿಲ್ಲ.

ಕುಡಿಯುವ ಮುನ್ನ ನೋಡಬೇಕಾದದ್ದು ಸ್ವಲ್ಪವಿದೆ. ಗ್ಲಾಸಿನ ಒಳಗೋಡೆಗೆ ಗುಳ್ಳೆಗಳು ಅಂಟಿಕೊಂಡು ನಿಂತಿದ್ದರೆ ಗ್ಲಾಸು ಸರಿಯಾಗಿ ತೊಳೆದಿಲ್ಲ ಎಂದರ್ಥ. ಜಿಡ್ಡೋ ಸೋಪೋ ಉಳಿದಿದೆ. ಇಲ್ಲಿ ಹಾಗಿರಲಿಲ್ಲ. ಎರಡು ಬೆರಳಿನಷ್ಟು ನೊರೆ ನಿಂತಿತ್ತು, ಗುಟುಕು ಗುಟುಕಿಗೂ ಗ್ಲಾಸಿನ ಮೇಲೆ ಬಲೆಯಂಥ ಗೆರೆ ಬಿಟ್ಟು ಇಳಿಯುತ್ತಿತ್ತು. ನೊರೆ ಎಂದರೆ ಬಿಯರಿನಲ್ಲಿ ಮೋಸ ಎಂದು ಗೊಣಗುವವರಿದ್ದಾರೆ, ಆದರೆ ಪರಿಮಳವನ್ನು ಮೂಗಿನವರೆಗೆ ಹೊತ್ತು ತರುವುದು ಆ ನೊರೆಯೇ. ಬಿಯರ್ ತೀರಾ ತಣ್ಣಗಿದ್ದರೆ ಪರಿಮಳ ಮೇಲೇಳುವುದಿಲ್ಲ. ಹಾಗಾಗಿ ಗ್ಲಾಸನ್ನು ಅಂಗೈಯಲ್ಲಿ ಹಿಡಿದು ಒಂದೆರಡು ನಿಮಿಷ ಬಿಟ್ಟು ಮೂಸಿದೆ.

ಮೊದಲು ಬಂದದ್ದು ಬ್ರೆಡ್ಡಿನ, ಒಣ ಹುಲ್ಲಿನ ವಾಸನೆ. ಅದರ ಹಿಂದೆಯೇ ಇನ್ನೊಂದು ಬಂತು: ಬೆಣ್ಣೆ. ಸಿನಿಮಾ ಮಂದಿರದಲ್ಲಿ ಪಾಪ್‌ಕಾರ್ನ್ ಮಾರುವ ಮೂಲೆಯಿಂದ ಬರುವಂಥದ್ದು. ಗುಟುಕು ನುಂಗಿದ ಮೇಲೆ ನಾಲಿಗೆಯ ಮೇಲೆ ಜಿಡ್ಡು ಸವರಿದಂತೆ ಉಳಿಯಿತು.

ಈ ಬೆಣ್ಣೆಗೆ ಡೈಅಸಿಟೈಲ್ ಎಂದು ಹೆಸರು. ಅದು ಎಲ್ಲಿಂದ ಬಂತು ಎಂದು ಹೇಳಬೇಕಾದರೆ ಬಿಯರ್ ಆಗುವ ಬಗೆಯನ್ನು ಒಮ್ಮೆ ಮೊದಲಿನಿಂದ ಹೇಳಬೇಕಾಗುತ್ತದೆ.

ಬಾರ್ಲಿಯನ್ನು ನೆನೆಸಿ, ನಾಲ್ಕೈದು ದಿನ ಮೊಳಕೆ ಬರಿಸಿ, ಬಿಸಿಗಾಳಿಯಲ್ಲಿ ಒಣಗಿಸಿದರೆ ಅದು ಮಾಲ್ಟ್. ಮೊಳಕೆಯೊಡೆಯುವಾಗ ಕಾಳಿನೊಳಗೆ ಕಿಣ್ವಗಳು ಎಚ್ಚರಗೊಳ್ಳುತ್ತವೆ. ಪಿಷ್ಟವನ್ನು ಸಕ್ಕರೆಯಾಗಿ ಒಡೆದು ಸಸಿಗೆ ಉಣಿಸುವುದು ಅವುಗಳ ಕೆಲಸ. ಸಸಿಗೆಂದು ಹೊರಟ ಊಟವನ್ನು ಬಿಯರ್ ಮಾಡುವವರು ನಡುದಾರಿಯಲ್ಲಿ ಕಸಿದುಕೊಳ್ಳುತ್ತಾರೆ. ಮಾಲ್ಟನ್ನು ನುಚ್ಚಾಗಿ ಒಡೆದು ಬಿಸಿನೀರಿಗೆ ಸುರಿದು ಗಂಜಿಯಂತೆ ಒಂದು ಗಂಟೆ ಇಡುತ್ತಾರೆ. ಇಲ್ಲಿ ಮೂರ್ನಾಲ್ಕು ಡಿಗ್ರಿಯ ವ್ಯತ್ಯಾಸವೂ ಲೆಕ್ಕಕ್ಕೆ ಬರುತ್ತದೆ. 63 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಇಟ್ಟರೆ ಯೀಸ್ಟ್ ತಿನ್ನಬಲ್ಲ ಸಣ್ಣ ಸಕ್ಕರೆಗಳು ಹೆಚ್ಚು ಹುಟ್ಟಿ ಬಿಯರ್ ತೆಳ್ಳಗೆ, ಸಿಹಿಯಿಲ್ಲದೆ ಬರುತ್ತದೆ. 68ಕ್ಕೆ ಏರಿಸಿದರೆ ಯೀಸ್ಟಿಗೆ ದಕ್ಕದ ದೊಡ್ಡ ಸಕ್ಕರೆಗಳು ಉಳಿದು ಬಾಯಿ ತುಂಬುವ ಬಿಯರ್ ಆಗುತ್ತದೆ. ಮೈ ಇರುವ ಬಿಯರ್, ಮೈ ಇಲ್ಲದ ಬಿಯರ್ ಎಂದು ಕುಡಿಯುವವರು ಹೇಳುವ ಮಾತಿನ ಮೂಲ ಬಹುಪಾಲು ಈ ಒಂದು ಗಂಟೆಯಲ್ಲಿದೆ.

ರಸವನ್ನು ಸೋಸಿ, ಹಾಪ್ಸ್ ಹಾಕಿ ಒಂದು ಒಂದೂವರೆ ಗಂಟೆ ಕುದಿಸುತ್ತಾರೆ. ಸೋಸಿದ ಮೇಲೆ ಉಳಿಯುವ ಒದ್ದೆ ಹೊಟ್ಟು, ನೂರು ಲೀಟರ್ ಬಿಯರಿಗೆ ಸುಮಾರು 20 ಕೆ.ಜಿ., ಹೆಚ್ಚಾಗಿ ದನಗಳ ಪಾಲು. ಕುದಿದ ರಸವನ್ನು ಬೇಗನೆ ತಣಿಸಿ ಟ್ಯಾಂಕಿಗೆ ತುಂಬಿ ಯೀಸ್ಟ್ ಬೆರೆಸುತ್ತಾರೆ. ಅಲ್ಲಿಂದ ಮುಂದಿನದು ಯೀಸ್ಟಿನ ಕೆಲಸ. ಮನುಷ್ಯರಿಗೆ ಉಳಿಯುವುದು ಉಷ್ಣತೆ ಕಾಯುವುದು ಮತ್ತು ತೊಳೆಯುವುದು. ಬ್ರೂವರಿಯಲ್ಲಿ ಕೆಲಸ ಮಾಡುವ ಯಾರನ್ನು ಕೇಳಿದರೂ ದಿನದ ಬಹುಪಾಲು ತೊಳೆಯುವುದರಲ್ಲೇ ಹೋಗುತ್ತದೆ ಎನ್ನುತ್ತಾರೆ.

ಯೀಸ್ಟ್ ಬೆಳೆಯುವಾಗ ಒಂದು ಪದಾರ್ಥವನ್ನು ಹೊರಗೆ ಬಿಡುತ್ತದೆ, ಅದು ರಸದಲ್ಲಿ ನಿಧಾನವಾಗಿ ಡೈಅಸಿಟೈಲ್ ಆಗುತ್ತದೆ. ಪ್ರತಿ ಬಿಯರಿನಲ್ಲೂ ಇದು ಆಗುವಂಥದ್ದೇ. ಸಕ್ಕರೆ ಮುಗಿಯುತ್ತಾ ಬಂದಾಗ ಅದೇ ಯೀಸ್ಟ್ ತಿರುಗಿ ಆ ಡೈಅಸಿಟೈಲನ್ನು ಒಳಗೆಳೆದುಕೊಂಡು ವಾಸನೆ ಇಲ್ಲದ ವಸ್ತುವನ್ನಾಗಿ ಮಾಡುತ್ತದೆ. ಎಬ್ಬಿಸಿದ ಕಸವನ್ನು ತಾನೇ ಗುಡಿಸುತ್ತದೆ ಎನ್ನಬಹುದು. ಅದಕ್ಕೆ ಎರಡು ಮೂರು ದಿನ ಬೇಕು, ಟ್ಯಾಂಕು ಬೆಚ್ಚಗಿರಬೇಕು. ಅಷ್ಟರಲ್ಲೇ ಟ್ಯಾಂಕನ್ನು ತಣ್ಣಗೆ ಮಾಡಿಬಿಟ್ಟರೆ ಯೀಸ್ಟ್ ತಳ ಸೇರಿ ಮಲಗಿಬಿಡುತ್ತದೆ, ಬೆಣ್ಣೆ ಗ್ಲಾಸಿಗೆ ಬರುತ್ತದೆ. ಕೊಳವೆಗಳು ಕೊಳಕಾಗಿ ಬ್ಯಾಕ್ಟೀರಿಯಾ ಸೇರಿದರೂ ಇದೇ ವಾಸನೆ ಬರುವುದುಂಟು. ಆಗ ಜೊತೆಗೆ ಸಾಮಾನ್ಯವಾಗಿ ಹುಳಿಯೂ ಇರುತ್ತದೆ. ನನ್ನ ಗ್ಲಾಸಿನಲ್ಲಿ ಹುಳಿ ಇರಲಿಲ್ಲ, ಕೊಳವೆಗಳೂ ಹೊಚ್ಚ ಹೊಸವು. ಹಾಗಾದರೆ ಅವಸರವೇ ಇರಬೇಕು ಎಂದುಕೊಂಡೆ.

ಗೋಧಿ ಬಿಯರಿನ ಸರದಿ. ಮಬ್ಬು ಹಳದಿ, ಮೂಸಿದರೆ ಮಾಗಿದ ಬಾಳೆಹಣ್ಣು, ಹಿಂದೆ ಲವಂಗ. ಪಕ್ಕದ ಮೇಜಿನವರು ಬಾಳೆಹಣ್ಣಿನ ಎಸೆನ್ಸ್ ಹಾಕಿದ್ದಾರೆ ಎಂದು ಖಚಿತವಾಗಿ ಹೇಳುತ್ತಿದ್ದರು. ಹಾಕಿರಲಾರರು. ಇದು ಗೋಧಿ ಬಿಯರಿನ ಯೀಸ್ಟ್ ತಾನೇ ಹುಟ್ಟಿಸುವ ವಾಸನೆ. ಐಸೋಅಮೈಲ್ ಅಸಿಟೇಟ್ ಎಂಬ ಅದೇ ಎಸ್ಟರ್ ಬಾಳೆಹಣ್ಣಿನಲ್ಲೂ ಇದೆ. ಲವಂಗದ ವಾಸನೆ ಧಾನ್ಯದ ಸಿಪ್ಪೆಯಲ್ಲಿರುವ ಫೆರುಲಿಕ್ ಆಮ್ಲವನ್ನು ಯೀಸ್ಟ್ ಮಾರ್ಪಡಿಸುವುದರಿಂದ ಬರುತ್ತದೆ. ಟ್ಯಾಂಕನ್ನು ತುಸು ಬೆಚ್ಚಗಿಟ್ಟರೆ ಬಾಳೆಹಣ್ಣು ಮುಂದೆ, ತುಸು ತಂಪಾಗಿಟ್ಟರೆ ಲವಂಗ ಮುಂದೆ. ಇಲ್ಲಿ ಬಾಳೆಹಣ್ಣು ಸ್ವಲ್ಪ ಅತಿಯಾಗಿಯೇ ಮುಂದಿತ್ತು. ಆದರೂ ಹಲಗೆಯಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಇದೇ.

ಈ ಹೊತ್ತಿಗೆ ನಾನು ಮೂಗು ಗ್ಲಾಸಿನೊಳಗಿಟ್ಟು ಕೂತದ್ದನ್ನು ನೋಡಿಯೋ ಏನೋ, ಬ್ರೂವರ್ ಮೇಜಿನ ಬಳಿ ಬಂದರು. ಮೊಣಕಾಲವರೆಗಿನ ರಬ್ಬರ್ ಬೂಟು, ಒದ್ದೆ ಕೈ. ಹೇಗಿದೆ ಎಂದು ಕೇಳಿದರು. ಸಂಕೋಚದಿಂದಲೇ ಬ್ಲಾಂಡ್‌ನಲ್ಲಿ ಬೆಣ್ಣೆ ವಾಸನೆ ಬರುತ್ತಿದೆ ಎಂದೆ. ಅವರು ಬೇಸರಿಸಿಕೊಳ್ಳಲಿಲ್ಲ. "ಬರುತ್ತದೆ. ತೆರೆಯುವ ದಿನ ಗೊತ್ತುಮಾಡಿ ಆಗಿತ್ತು, ಟ್ಯಾಂಕಿಗೆ ಅದು ಗೊತ್ತಿರಲಿಲ್ಲ" ಎಂದರು. ಮೂರು ದಿನ ಮೊದಲೇ ತಣ್ಣಗೆ ಮಾಡಬೇಕಾಯಿತಂತೆ. "ಒಳಗೆ ಬನ್ನಿ, ಬೇಕಾದರೆ ತೋರಿಸುತ್ತೇನೆ."

ಗಾಜಿನ ಬಾಗಿಲು ದಾಟಿದರೆ ಬಿಸಿ ಹಬೆ, ಒದ್ದೆ ನೆಲ, ಬೇಯಿಸಿದ ಧಾನ್ಯದ ವಾಸನೆ. ಮೊದಲು ಅಂಗೈಗೆ ಎರಡು ಬಗೆಯ ಮಾಲ್ಟ್ ಹಾಕಿದರು. ತಿಳಿ ಬಣ್ಣದ್ದನ್ನು ಅಗಿದರೆ ಬಿಸ್ಕತ್ತಿನಂತೆ ಗರಿಗರಿ, ಕೊನೆಗೆ ಸಿಹಿ. ಕಪ್ಪು ಕಾಳು ಸುಟ್ಟ ಕಾಫಿ ಬೀಜದಷ್ಟು ಕಹಿ, ಒಗರು. ಸ್ಟೌಟಿನ ಕಪ್ಪು ಬಣ್ಣಕ್ಕೆ ಒಟ್ಟು ಧಾನ್ಯದಲ್ಲಿ ಹತ್ತರಲ್ಲಿ ಒಂದು ಪಾಲಿನಷ್ಟು ಇಂಥ ಕಾಳಿದ್ದರೆ ಸಾಕು. 1817ರಲ್ಲಿ ಡೇನಿಯಲ್ ವೀಲರ್ ಎಂಬ ಇಂಗ್ಲಿಷ್ ಮನುಷ್ಯ ಮಾಲ್ಟನ್ನು ಉರುಳೆಯಲ್ಲಿ ಸುತ್ತಿಸುತ್ತಾ ಸುಟ್ಟು ಬೂದಿಯಾಗದಂತೆ ಕಪ್ಪಗೆ ಹುರಿಯುವ ಯಂತ್ರಕ್ಕೆ ಪೇಟೆಂಟ್ ಪಡೆದ. ಇಂದಿನ ಕಡುಗಪ್ಪು ಬಿಯರುಗಳ ದಾರಿ ತೆರೆದದ್ದು ಅದು. ಕಪ್ಪಗಿದ್ದರೆ ಕಿಕ್ಕು ಹೆಚ್ಚು ಎಂಬ ನಂಬಿಕೆಗೆ ಮಾತ್ರ ಆಧಾರವಿಲ್ಲ. ಹೆಸರಾಂತ ಐರಿಷ್ ಸ್ಟೌಟ್ ಗಿನ್ನೆಸ್ ಡ್ರಾಫ್ಟ್‌ನಲ್ಲಿರುವುದು ಶೇ 4.2ರ ಆಸುಪಾಸಿನ ಆಲ್ಕೊಹಾಲ್, ಎಷ್ಟೋ ತಿಳಿ ಬಿಯರುಗಳಿಗಿಂತ ಕಡಿಮೆ.

ಆಮೇಲೆ ಹಾಪ್ಸ್. ಪುಡಿಮಾಡಿ ಒತ್ತಿದ ಹಸಿರು ಗುಳಿಗೆಗಳು, ನೋಡಲು ಥೇಟ್ ಪಶು ಆಹಾರ. ಎರಡು ಗುಳಿಗೆಗಳನ್ನು ಅಂಗೈಯಲ್ಲಿಟ್ಟು ಬಲವಾಗಿ ಉಜ್ಜಿ ಎಂದರು. ಉಜ್ಜಿದಂತೆ ಬಿಸಿಯೇರಿ ಕೈ ಅಂಟಂಟಾಯಿತು, ಕಿತ್ತಳೆ ಸಿಪ್ಪೆ ಹಿಂಡಿದಂಥ ಪರಿಮಳ ಮೂಗಿಗೆ ಬಡಿಯಿತು. ಹಾಪ್ಸ್ ಒಂದು ಬಳ್ಳಿಯ ಹೆಣ್ಣು ಹೂವು, ಗಾಂಜಾ ಗಿಡದ ಕುಟುಂಬಕ್ಕೆ ಸೇರಿದ್ದು. ಇದನ್ನು ಕುದಿಯ ಆರಂಭದಲ್ಲಿ ಹಾಕಿದರೆ ಅದರ ಆಮ್ಲಗಳು ರೂಪ ಬದಲಿಸಿ ಕಹಿಯಾಗುತ್ತವೆ, ಪರಿಮಳದ ಎಣ್ಣೆಗಳು ಹಬೆಯ ಜೊತೆ ಹಾರಿಹೋಗುತ್ತವೆ. ಕೊನೆಯಲ್ಲಿ ಹಾಕಿದರೆ ಪರಿಮಳ ಉಳಿಯುತ್ತದೆ, ಕಹಿ ಕಡಿಮೆ. ತಣ್ಣಗಾದ ಮೇಲೆ ಟ್ಯಾಂಕಿಗೇ ಸುರಿದರೆ ಬಹುತೇಕ ಪರಿಮಳವೊಂದೇ. ಈಚಿನ ಮಬ್ಬು ಐಪಿಎಗಳು ಹಣ್ಣಿನ ರಸದಂತೆ ಘಮಘಮಿಸಿದರೂ ಅಷ್ಟೊಂದು ಕಹಿಯಾಗಿರದಿರುವುದಕ್ಕೆ ಕಾರಣ ಇದು. ಆ ಪರಿಮಳ ಬಹಳ ದಿನ ಬಾಳುವುದಿಲ್ಲ. ಐಪಿಎ ಕುಡಿಯಬೇಕೆಂದಿದ್ದರೆ ಬ್ರೂವರಿಯಲ್ಲಿ, ತಾಜಾ ಇರುವಾಗಲೇ ಕುಡಿಯಬೇಕು.

ಬೆಳಕೂ ಹಾಪ್ಸ್‌ಗೆ ಶತ್ರು. ಬಿಸಿಲು ತಾಗಿದರೆ ಹಾಪ್ಸ್‌ನ ಕಹಿ ಪದಾರ್ಥ ಒಡೆದು ಗಂಧಕದ ಒಂದು ಸಂಯುಕ್ತ ಹುಟ್ಟುತ್ತದೆ, ಅದರ ನಾತ ಸ್ಕಂಕ್ ಎಂಬ ಪ್ರಾಣಿ ಚಿಮ್ಮಿಸುವ ದ್ರವದ್ದನ್ನು ಹೋಲುತ್ತದೆ. ಬಿಯರ್ ಬಾಟಲಿ ಕಂದು ಬಣ್ಣದ್ದಿರುವುದು ಅದಕ್ಕಾಗಿ. ಬಿಸಿಲಿನ ಮೇಜು ಹಿಡಿದು ಒಂದೇ ಗ್ಲಾಸನ್ನು ಗಂಟೆಗಟ್ಟಲೆ ಇಟ್ಟುಕೊಂಡು ಕೂರುವವರಿಗೆ ಇದನ್ನು ಯಾರಾದರೂ ಹೇಳಬೇಕು.

ನೀರಿನ ಮಾತು ಯಾರೂ ಹೆಚ್ಚು ಆಡುವುದಿಲ್ಲ, ಬಿಯರಿನಲ್ಲಿ ಬಹುಪಾಲು ಅದೇ ಆದರೂ. ಇಂಗ್ಲೆಂಡಿನ ಬರ್ಟನ್ ಊರಿನ ಬಾವಿಗಳಲ್ಲಿ ಜಿಪ್ಸಮ್ ಹೆಚ್ಚು. ಸಲ್ಫೇಟ್ ಇರುವ ಆ ನೀರು ಹಾಪ್ಸ್‌ನ ಕಹಿಯನ್ನು ಚುರುಕಾಗಿ ಎತ್ತಿ ತೋರಿಸಿ ಅಲ್ಲಿನ ಪೇಲ್ ಏಲ್‌ಗಳಿಗೆ ಹೆಸರು ತಂದಿತು. ಜೆಕ್ ನಾಡಿನ ಪಿಲ್ಸೆನ್ ಊರಿನದು ಖನಿಜಗಳೇ ಇಲ್ಲದಷ್ಟು ಮೃದು ನೀರು. 1842ರಲ್ಲಿ ಅಲ್ಲಿ ಯೋಸೆಫ್ ಗ್ರೋಲ್ ಎಂಬ ಬವೇರಿಯದವನು ತಂಪಿನಲ್ಲಿ ನಿಧಾನವಾಗಿ ಹುದುಗುವ ಲಾಗರ್ ಎಂಬ ಬಗೆಯ ಹೊಂಬಣ್ಣದ ಬಿಯರ್ ಮಾಡಿದ. ಇಂದು ಜಗತ್ತಿನಲ್ಲಿ ಹರಿಯುವ ತಿಳಿ ಬಿಯರಿನ ಬಹುಪಾಲು ಅದರ ಸಂತಾನ.

ಹಲಗೆಯ ಮೇಲೆ ಲಾಗರ್ ಯಾಕಿಲ್ಲ ಎಂದು ನನಗೆ ಮೊದಲಿನಿಂದಲೂ ಅನ್ನಿಸಿತ್ತು. ಉತ್ತರ ಮೂರನೆಯ ಟ್ಯಾಂಕಿನಲ್ಲಿತ್ತು. ಟ್ಯಾಂಕಿನ ತಲೆಯಿಂದ ಇಳಿದ ಕೊಳವೆಯ ತುದಿಯನ್ನು ಬಕೆಟ್ ನೀರಿನಲ್ಲಿ ಮುಳುಗಿಸಿದ್ದರು; ನಾಲ್ಕೈದು ಸೆಕೆಂಡಿಗೊಮ್ಮೆ ಒಂದು ಗುಳ್ಳೆ ಬುಳಕ್ ಎಂದು ಏಳುತ್ತಿತ್ತು. ಒಳಗೆ ಯೀಸ್ಟ್ ಉಸಿರಾಡುತ್ತಿದೆ ಎನ್ನಿಸುವಂಥ ಸದ್ದು. ಏಲ್ ಯೀಸ್ಟ್ 20 ಡಿಗ್ರಿ ಸುಮಾರಿನಲ್ಲಿ ಬೇಗಬೇಗ ಕೆಲಸ ಮುಗಿಸುತ್ತದೆ, ಎರಡು ವಾರದಲ್ಲಿ ಗ್ಲಾಸಿಗೆ ಬರಬಹುದು. ಲಾಗರ್ ಯೀಸ್ಟ್ 10 ಡಿಗ್ರಿಯಲ್ಲಿ ನಿಧಾನವಾಗಿ ಹುದುಗಿ, ಆಮೇಲೆ ಸೊನ್ನೆಯ ಹತ್ತಿರದ ತಂಪಿನಲ್ಲಿ ವಾರಗಟ್ಟಲೆ ಮಲಗಬೇಕು. ಹೊಸ ಬ್ರೂವರಿಗಳಲ್ಲಿ ಮೊದಲು ಏಲ್‌ಗಳೇ ಕಾಣಿಸುವುದಕ್ಕೆ ರುಚಿಯ ಜೊತೆಗೆ ಬಾಡಿಗೆಯ ಲೆಕ್ಕವೂ ಇದೆ: ಲಾಗರ್ ಮಲಗಿರುವಷ್ಟು ಕಾಲ ಆ ಟ್ಯಾಂಕು ಬೇರೇನನ್ನೂ ಕೊಡುವುದಿಲ್ಲ.

ಈ ಲಾಗರ್ ಯೀಸ್ಟಿನ ಕತೆಯೂ ಸ್ವಾರಸ್ಯದ್ದು. 1516ರಲ್ಲಿ ಬವೇರಿಯ ಬಿಯರಿಗೆ ಬಾರ್ಲಿ, ಹಾಪ್ಸ್, ನೀರು ಬಿಟ್ಟು ಬೇರೇನೂ ಹಾಕಕೂಡದೆಂದು ಕಟ್ಟಳೆ ಮಾಡಿದಾಗ ಅದರಲ್ಲಿ ಯೀಸ್ಟಿನ ಹೆಸರೇ ಇಲ್ಲ. 1883ರಲ್ಲಿ ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಹ್ಯಾನ್ಸೆನ್ ಒಂದೇ ಕೋಶದಿಂದ ಶುದ್ಧ ಲಾಗರ್ ಯೀಸ್ಟ್ ಬೆಳೆಸಿ ತೋರಿಸಿದ. ಅದು ಎರಡು ತಳಿಗಳು ಕೂಡಿ ಹುಟ್ಟಿದ ಮಿಶ್ರತಳಿ ಎಂದು ಆಮೇಲೆ ತಿಳಿಯಿತು. ಒಂದು ಪರಿಚಿತ ಏಲ್ ಯೀಸ್ಟ್. ಇನ್ನೊಂದು ಕಾಡು ತಳಿ 2011ರಲ್ಲಿ ಸಿಕ್ಕಿತು, ಅದೂ ದಕ್ಷಿಣ ಅಮೆರಿಕದ ಪ್ಯಾಟಗೋನಿಯ ಕಾಡಿನಲ್ಲಿ, ಬೀಚ್ ಮರಗಳ ಗಂಟುಗಳ ಮೇಲೆ. ಬವೇರಿಯದಲ್ಲಿ ಲಾಗರ್ ಮಾಡುತ್ತಿದ್ದದ್ದು ಕೊಲಂಬಸ್ ಹಡಗು ಹತ್ತುವ ಮೊದಲೇ. ಹಾಗಿದ್ದರೆ ಪ್ಯಾಟಗೋನಿಯದ್ದು ಅಲ್ಲಿಗೆ ಬಂದದ್ದು ಹೇಗೆ ಎಂಬ ತಕರಾರು ಎದ್ದಿತು. ಮುಂದೆ ಅದೇ ತಳಿ ಟಿಬೆಟ್‌ನಲ್ಲೂ ಐರ್ಲೆಂಡ್‌ನಲ್ಲೂ ಸಿಕ್ಕ ಮೇಲೆ ಕತೆ ತುಸು ನಂಬುವಂತಾಯಿತು.

ಬ್ರೂವರ್ ಟ್ಯಾಂಕಿನ ಪಕ್ಕದ ಪುಟ್ಟ ನಲ್ಲಿಯಿಂದ ಎರಡು ಗುಟುಕು ಲಾಗರ್ ಹಿಡಿದುಕೊಟ್ಟರು. ಮಬ್ಬಾಗಿತ್ತು, ಕೊಳೆತ ಮೊಟ್ಟೆಯ ನಾತವಿತ್ತು. ನನ್ನ ಮುಖ ನೋಡಿ ನಕ್ಕರು. "ಎಳೆಯ ಲಾಗರ್ ಹೀಗೆಯೇ. ಗಂಧಕದ ವಾಸನೆ ಮಲಗಿದಾಗ ಹೋಗುತ್ತದೆ. ಇನ್ನು ನಾಲ್ಕು ವಾರ ಇದನ್ನು ಯಾರು ಕೇಳಿದರೂ ಕೊಡುವುದಿಲ್ಲ."

ಮೇಜಿಗೆ ಮರಳಿ ಐಪಿಎ, ಸ್ಟೌಟ್ ಮುಗಿಸಿದೆ. ಐಪಿಎ ಚೆನ್ನಾಗಿತ್ತು, ಹೆಚ್ಚು ಹೇಳುವಂಥದ್ದೇನೂ ಇರಲಿಲ್ಲ. ಸ್ಟೌಟನ್ನು ಸಾರಜನಕದಿಂದ ಒತ್ತಿ ಸುರಿದಿದ್ದರು. ಸಾರಜನಕ ಬಿಯರಿನಲ್ಲಿ ಅಷ್ಟಾಗಿ ಕರಗುವುದಿಲ್ಲ, ಹಾಗಾಗಿ ಗುಳ್ಳೆ ತೀರಾ ಸಣ್ಣದು, ನೊರೆ ಕೆನೆಯಂತೆ ಗಟ್ಟಿ. ಗ್ಲಾಸಿನ ಅಂಚಿನಲ್ಲಿ ಗುಳ್ಳೆಗಳು ಕೆಳಕ್ಕೆ ಇಳಿಯುವಂತೆ ಕಾಣುವುದು ಕಣ್ಕಟ್ಟಲ್ಲ. ಮೇಲೆ ಅಗಲವಾಗುವ ಗ್ಲಾಸಿನ ನಡುವೆ ದ್ರವ ಮೇಲೇರಿ ಗೋಡೆಯ ಪಕ್ಕದಲ್ಲಿ ಕೆಳಗಿಳಿಯುತ್ತದೆ, ಸಣ್ಣ ಗುಳ್ಳೆಗಳನ್ನೂ ಎಳೆದುಕೊಂಡು ಹೋಗುತ್ತದೆ.

ಹಾಗಾದರೆ ಈ ಬ್ರೂವರಿ ಹೇಗೆ? ಮನೆಗೆ ಬರುತ್ತಾ ಉತ್ತರ ಸಿದ್ಧಮಾಡಿಕೊಳ್ಳುತ್ತಿದ್ದಾಗ ವಿಲಿಯಂ ಗಾಸೆಟ್ ನೆನಪಾದ. ಡಬ್ಲಿನ್‌ನ ಗಿನ್ನೆಸ್ ಬ್ರೂವರಿಯಲ್ಲಿ ಕೆಲಸಕ್ಕಿದ್ದವನು. ಬಾರ್ಲಿಯ ಗುಣವನ್ನು ನಾಲ್ಕಾರು ಮಾದರಿ ನೋಡಿ ನಿರ್ಧರಿಸಬೇಕಾದಾಗ ಎಷ್ಟರ ಮಟ್ಟಿಗೆ ತಪ್ಪಬಹುದು ಎಂಬ ಲೆಕ್ಕ ಅವನನ್ನು ಕಾಡಿತು. 1908ರಲ್ಲಿ ಅದಕ್ಕೊಂದು ಗಣಿತ ಕಂಡುಹಿಡಿದು ಪ್ರಕಟಿಸಿದ. ಕೆಲಸಗಾರರು ಸ್ವಂತ ಹೆಸರಿನಲ್ಲಿ ಪ್ರಕಟಿಸಬಾರದೆಂದು ಕಂಪನಿಯ ಕಟ್ಟಳೆ ಇದ್ದುದರಿಂದ 'ಸ್ಟೂಡೆಂಟ್' ಎಂದು ಸಹಿ ಹಾಕಿದ. ಸಂಖ್ಯಾಶಾಸ್ತ್ರ ಓದುವವರೆಲ್ಲ ಇಂದಿಗೂ ಕಲಿಯುವ ಟಿ ಪರೀಕ್ಷೆ ಅದೇ. ನನ್ನ ಬಳಿ ಇದ್ದದ್ದು ಒಂದು ಸಂಜೆ, ಒಂದೊಂದು ಬಗೆಯದು ಒಂದೊಂದೇ ಗ್ಲಾಸು. ಗಾಸೆಟ್ ಇದ್ದಿದ್ದರೆ ಇಷ್ಟಕ್ಕೆ ತೀರ್ಪು ಕೊಡಲು ಬಿಡುತ್ತಿರಲಿಲ್ಲ.

ಹತ್ತು ದಿನ ಬಿಟ್ಟು ಮತ್ತೆ ಹೋದೆ. ಬ್ಲಾಂಡ್ ಹೆಸರನ್ನು ಹಲಗೆಯಿಂದ ಒರೆಸಿ ಹಾಕಿದ್ದರು. ಹೊಸ ಸರದಿಯದು ಎರಡನೆಯ ಟ್ಯಾಂಕಿನಲ್ಲಿ ಮುಗಿಯುವ ಹಂತದಲ್ಲಿತ್ತು. ಬ್ರೂವರ್ ಅದರಿಂದ ಎರಡು ಮುಚ್ಚಳದ ಸೀಸೆಗಳಿಗೆ ಬಿಯರ್ ಹಿಡಿದರು. ಒಂದನ್ನು ಹಾಗೆಯೇ ಇಟ್ಟು ಇನ್ನೊಂದನ್ನು 60 ಡಿಗ್ರಿಯ ಬಿಸಿನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿದರು. ಬಿಸಿಯಾದರೆ ಇನ್ನೂ ಡೈಅಸಿಟೈಲ್ ಆಗದೆ ಅಡಗಿರುವುದೆಲ್ಲ ಹೊರಬೀಳುತ್ತದೆ. ತಣಿಸಿ, ಎರಡನ್ನೂ ನನ್ನ ಮುಂದಿಟ್ಟು, ಯಾವುದು ಬಿಸಿ ಮಾಡಿದ್ದು ಎಂದು ಹೇಳದೆ ಮೂಸಿ ನೋಡಿ ಎಂದರು. ಎಡಗಡೆಯದರಲ್ಲಿ ಬ್ರೆಡ್ಡು, ಒಣ ಹುಲ್ಲು. ಬಲಗಡೆಯದರಲ್ಲಿಯೂ ಬ್ರೆಡ್ಡು, ಒಣ ಹುಲ್ಲು, ಮತ್ತೆ ತೀರಾ ದೂರದಲ್ಲಿ, ಇದೆಯೋ ಇಲ್ಲವೋ ಎನ್ನುವಷ್ಟು ಬೆಣ್ಣೆ. ಬಲಗಡೆಯದು ಎಂದೆ. ಅವರೂ ಮೂಸಿದರು, ತಲೆಯಾಡಿಸಿದರು, ಟ್ಯಾಂಕಿಗೆ ಅಂಟಿಸಿದ್ದ ಹಾಳೆಯಲ್ಲಿ ಅಂದಿನ ದಿನಾಂಕ ಹೊಡೆದುಹಾಕಿ ಎರಡು ದಿನ ಮುಂದಿನದನ್ನು ಬರೆದರು.